ಗಾಳ, ಗಾಳಿ, ಗಲ್ಫ್ ಸ್ಟ್ರೀಮ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಬಾಡಿಗೆ ಬೋಟು ಹಿಡಿದು ಆಳ ಕಡಲಿಗೆ ಗಾಳ ಹಾಕಲು ಹೋಗುವ ವಿಚಾರ ಕಳೆದ ಸಂಚಿಕೆಯಲ್ಲಿ ಎರಡು ಸಾಲು ಬಂದದ್ದೇ ತಡ, ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಪತ್ರಗಳು ಬಂದವು. ಮಕ್ಕಳ ಮನೆಗೆಂದು ಹೊರಟವರದ್ದು ಕೆಲವು, ಹೋಗಿಬಂದವರ ದೂರು ಕೆಲವು, ಇಲ್ಲೇ ಫೈಬರ್ ದೋಣಿ ಇಟ್ಟುಕೊಂಡವರದ್ದು ಒಂದೆರಡು. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮಗ ನಾರ್ತ್ ಕೆರೊಲಿನಾದಲ್ಲಿದ್ದಾನೆ. ಜುಲೈಯಲ್ಲಿ ನಾವಿಬ್ಬರು ಹೋಗುತ್ತೇವೆ. ಅರ್ಧ ದಿನದ ಬೋಟು ಸಾಕೋ, ಇಡೀ ದಿನದ್ದು ಬೇಕೋ? ಲೈಸೆನ್ಸ್ ನಾವೇ ಮಾಡಿಸಬೇಕೇ? (ಉಪ್ಪಳ)

ಚಾರ್ಟರ್ ಎಂದರೆ ಬೋಟು ನಡೆಸುವ ತಂಡೇಲ, ಮೇಟ್ ಎಂದು ಕರೆಯುವ ಸಹಾಯಕ, ರಾಡು, ರೀಲು, ಎರೆ, ಐಸು ಎಲ್ಲ ಸೇರಿ ಬೋಟನ್ನೇ ಗೊತ್ತುಮಾಡುವುದು. ಬಾಡಿಗೆ ಬೋಟಿಗೆ, ತಲೆಗಲ್ಲ. ಹೆಚ್ಚಿನ ಬೋಟುಗಳಲ್ಲಿ ಹಣ ಕೊಟ್ಟು ಹತ್ತುವವರು ಆರು ಮಂದಿಯನ್ನು ಮೀರುವಂತಿಲ್ಲ. ಅಲ್ಲಿನ ಕೋಸ್ಟ್ ಗಾರ್ಡ್ ಆ ತಂಡೇಲನಿಗೆ ಕೊಡುವ ಲೈಸೆನ್ಸ್ ಅಷ್ಟಕ್ಕೇ. 'ಸಿಕ್ಸ್ ಪ್ಯಾಕ್' ಎಂಬ ಅಡ್ಡಹೆಸರು ಬಂದದ್ದು ಅದರಿಂದ. ಮೊಮ್ಮಗು ಮಡಿಲಲ್ಲೇ ಇದ್ದರೂ ಒಂದು ತಲೆ ಎಂದೇ ಲೆಕ್ಕ. ಮನೆಯವರು ಮೂರೇ ಮಂದಿ ಇದ್ದರೆ 'ಮೇಕಪ್ ಚಾರ್ಟರ್' ಕೇಳಿ. ಬೇರೆ ಬೇರೆ ಕಡೆಯವರನ್ನು ಬೋಟು ಕಟ್ಟುವ ಮರೀನಾದವರೇ ಒಂದು ಬೋಟಿಗೆ ಸೇರಿಸುತ್ತಾರೆ, ಖರ್ಚು ಹಂಚಿಹೋಗುತ್ತದೆ. ತಲೆಗಿಷ್ಟು ಎಂದು ಟಿಕೆಟ್ ಕೊಡುವ ದೊಡ್ಡ ಬೋಟು ಬೇರೆಯೇ, ಅದಕ್ಕೆ 'ಹೆಡ್ ಬೋಟ್' ಎನ್ನುತ್ತಾರೆ. ಅದು ಅಗ್ಗ, ಆದರೆ ಸಾಮಾನ್ಯವಾಗಿ ಹತ್ತಿರದಲ್ಲೇ ಲಂಗರು ಹಾಕಿ ತಳದ ಮೀನು ಹಿಡಿಸುತ್ತದೆ.

ಅರ್ಧ ದಿನವೋ ಇಡೀ ದಿನವೋ ಎಂಬುದನ್ನು ನಕಾಶೆ ನೋಡಿ ನಿರ್ಧರಿಸಿ. ದೊಡ್ಡ ಮೀನು ಇರುವುದು ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಹರಿವಿನ ಅಂಚಿನಲ್ಲಿ. ಫ್ಲೋರಿಡಾದ ಪಾಮ್ ಬೀಚಿನಲ್ಲಿ ಆ ಹರಿವು ದಡಕ್ಕೆ ಕೆಲವೇ ಮೈಲಿ. ಅಲ್ಲಿ ಅರ್ಧ ದಿನಕ್ಕೂ ಅರ್ಥವಿದೆ. ನಾರ್ತ್ ಕೆರೊಲಿನಾದ ಅಳಿವೆ ಒರೆಗಾನ್ ಇನ್ಲೆಟ್‌ನಿಂದಾದರೆ ಮೂವತ್ತೈದು, ನಲವತ್ತು ಮೈಲಿ ಓಡಬೇಕು, ಹೋಗುವುದಕ್ಕೇ ಒಂದೂವರೆ ಎರಡು ಗಂಟೆ. ಅಲ್ಲಿಂದ ಅರ್ಧ ದಿನದ ಬೋಟು ಹಿಡಿದು ಟ್ಯೂನಾ ಸಿಗಲಿಲ್ಲ ಎಂದು ಬೇಸರ ಪಡುವವರು ಬಹಳ. ಬೆಳಗ್ಗೆ ಐದೂವರೆಗೆ ಹೊರಟು ಸಂಜೆ ನಾಲ್ಕು ಐದಕ್ಕೆ ಮರಳುವ ಬೋಟನ್ನೇ ಹಿಡಿಯಿರಿ.

ಜುಲೈ ಮಾಹಿಮಾಹಿ ಎಂಬ ಮೀನಿನ ಕಾಲ. ನೀಲಿ ಮಾರ್ಲಿನ್ ಕೂಡ ಇರುತ್ತದೆ. ಯೆಲ್ಲೋಫಿನ್ ಟ್ಯೂನಾಕ್ಕೆ ವಸಂತ ಮತ್ತು ಶರತ್ಕಾಲ ಮೇಲು. ಆದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವೂ ಹೌದು. ಹಾಗಾಗಿ ಬುಕ್ ಮಾಡುವ ಮೊದಲು ಒಂದೇ ಮಾತು ಕೇಳಿ: ಹವಾಮಾನ ಕೆಟ್ಟು ತಂಡೇಲನೇ ಬೇಡ ಎಂದರೆ ಮುಂಗಡ ವಾಪಸೋ, ಇನ್ನೊಂದು ದಿನವೋ?

ಲೈಸೆನ್ಸ್ ತಲೆನೋವು ಬೇಡ. ಆ ಕರಾವಳಿಯ ಚಾರ್ಟರ್‌ಗಳಲ್ಲಿ ಸಾಮಾನ್ಯವಾಗಿ ಬೋಟಿನ ಲೈಸೆನ್ಸೇ ಹತ್ತಿದವರಿಗೂ ಸಲ್ಲುತ್ತದೆ. ಮರುದಿನ ಮೊಮ್ಮಗನ ಜತೆ ದಡದಲ್ಲಿ ನಿಂತು ಗಾಳ ಹಾಕುವುದಾದರೆ ಮಾತ್ರ ನಿಮ್ಮದೇ ಬೇಕು.

ಅಲ್ಲಿನ ಅಳಿವೆ ಬಹಳ ಅಪಾಯ ಎಂದು ಹೆದರಿಸುತ್ತಾರೆ. ಚಂದ್ರಗಿರಿ ಅಳಿವೆ ಕಂಡವರಿಗೆ ಅದೇನು ಮಹಾ? ಹವಾಮಾನದ ವರದಿಯಲ್ಲಿ 'ನಾಲ್ಕು ಅಡಿ ಅಲೆ' ಎಂದಿದ್ದರೆ ಹೋಗಬಹುದೇ? (ತಳಂಗರೆ)

ಚಂದ್ರಗಿರಿಯಲ್ಲಿ ಏನಾಗುತ್ತದೋ ಅಲ್ಲೂ ಅದೇ. ಇಳಿತದ ಹೊತ್ತಿಗೆ ಒಳಗಿನ ನೀರು ಹೊರಕ್ಕೆ ನುಗ್ಗುತ್ತದೆ, ಕಡಲಿನ ಅಲೆ ಒಳಕ್ಕೆ ಬರುತ್ತದೆ. ಎದುರು ಹರಿವಿಗೆ ಸಿಕ್ಕ ಅಲೆ ಉದ್ದದಲ್ಲಿ ಕುಗ್ಗಿ, ಕಡಿದಾಗಿ ಎದ್ದು, ಮರಳದಿಬ್ಬದ ಮೇಲೆ ಮುರಿಯುತ್ತದೆ. ಉಬ್ಬರದಲ್ಲಿ ಎರಡೂ ಒಂದೇ ದಿಕ್ಕು, ಆದ್ದರಿಂದ ಅದೇ ಅಲೆ ಮಲಗಿದಂತೆ ಕಾಣುತ್ತದೆ. 1846ರ ಚಂಡಮಾರುತ ಕೊರೆದು ತೆರೆದ ಒರೆಗಾನ್ ಇನ್ಲೆಟ್‌ನಲ್ಲಿ ಮರಳು ಇನ್ನೂ ನೆಲೆ ನಿಂತಿಲ್ಲ. ಹೂಳೆತ್ತುತ್ತಲೇ ಇರಬೇಕು, ದಾರಿ ತೋರುವ ಬೋಯೆಗಳನ್ನು ಮರಳು ಸರಿದಂತೆ ಸರಿಸುತ್ತಲೇ ಇರಬೇಕು. ಅಲ್ಲಿ ದಿನವೂ ದಾಟುವವನಿಗೆ ಗೊತ್ತಿರುವುದು ಅಪರೂಪಕ್ಕೆ ಹೋದವನಿಗೆ ಗೊತ್ತಿರುವುದಿಲ್ಲ, ಅವನು ಚಂದ್ರಗಿರಿಯಲ್ಲಿ ಎಷ್ಟೇ ಸಲ ದಾಟಿರಲಿ.

ಇನ್ನು 'ನಾಲ್ಕು ಅಡಿ'. ವರದಿಯಲ್ಲಿ ಬರುವುದು ಎಲ್ಲ ಅಲೆಗಳ ಸರಾಸರಿ ಅಲ್ಲ. ಎಲ್ಲ ಅಲೆಗಳಲ್ಲಿ ಅತಿ ದೊಡ್ಡ ಮೂರನೆಯ ಒಂದು ಪಾಲನ್ನು ಬೇರ್ಪಡಿಸಿ ಅದರ ಸರಾಸರಿ. ಹಾಗಾಗಿ ನಾಲ್ಕು ಅಡಿ ಎಂದಲ್ಲಿ ಆಗೊಮ್ಮೆ ಈಗೊಮ್ಮೆ ಏಳೆಂಟು ಅಡಿಯದ್ದೂ ಬರುತ್ತದೆ. ಎತ್ತರಕ್ಕಿಂತ ಅದರ ಪಕ್ಕದ ಸೆಕೆಂಡಿನ ಅಂಕಿ ಮುಖ್ಯ: ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಹೊತ್ತು. ನಾಲ್ಕು ಅಡಿ, ಒಂಬತ್ತು ಸೆಕೆಂಡ್ ಇದ್ದರೆ ತೊಟ್ಟಿಲು. ನಾಲ್ಕು ಅಡಿ, ನಾಲ್ಕು ಸೆಕೆಂಡ್ ಇದ್ದರೆ ಒರಳುಕಲ್ಲು. ಸೆಕೆಂಡಿನ ಅಂಕಿ ಅಡಿಯ ಅಂಕಿಯ ಎರಡರಷ್ಟಾದರೂ ಇರಲಿ ಎಂಬುದು ಬೋಟಿನವರ ಕೈಲೆಕ್ಕ.

ಮೂರನೆಯದು ಗಾಳಿಯ ದಿಕ್ಕು. ಗಲ್ಫ್ ಸ್ಟ್ರೀಮ್ ಗಂಟೆಗೆ ಸರಾಸರಿ ಆರೂವರೆ ಕಿಲೋಮೀಟರ್ ವೇಗದಲ್ಲಿ ಉತ್ತರಕ್ಕೆ, ಈಶಾನ್ಯಕ್ಕೆ ಹರಿಯುತ್ತದೆ. ತೆಂಕಣ ಗಾಳಿ ಹದಿನೈದು ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ಇದ್ದರೂ ಸಹಿಸಬಹುದು. ಬಡಗಣ ಗಾಳಿ ಅಷ್ಟೇ ಬೀಸಿದರೆ ಹರಿವಿಗೆ ಎದುರಾಗಿ ಅಳಿವೆಯ ಕಥೆಯೇ ನಡುಗಡಲಲ್ಲಿ ನಡೆಯುತ್ತದೆ. ದಡದಲ್ಲಿ ಬಿಸಿಲು ಹೊಳೆಯುತ್ತಿದ್ದರೂ ತಂಡೇಲ "ಇವತ್ತು ಬೇಡ" ಎಂದರೆ ವಾದಿಸಬೇಡಿ, ಅವನಿಗೂ ಒಂದು ದಿನದ ದುಡಿಮೆ ಹೋಗುತ್ತದೆ.

ನಮ್ಮ ಕಡೆಯ 'ಕಳ್ಳಕ್ಕಡಲ್' ಇದಕ್ಕಿಂತ ಬೇರೆ. ಸಾವಿರಾರು ಕಿಲೋಮೀಟರ್ ಆಚೆ, ತೆಂಕಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದದ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನ ಬಂದು ದಡ ನುಂಗುತ್ತವೆ. ಸೆಕೆಂಡಿನ ಅಂಕಿ ದೊಡ್ಡದಿದ್ದರೆ ಒಳ್ಳೆಯದು ಎಂಬ ಮೇಲಿನ ಲೆಕ್ಕ ನಡುಗಡಲಿಗೆ. ಅಳಿವೆಯಲ್ಲಿ ಅದೇ ಉದ್ದ ಅಲೆ ಹೆಚ್ಚು ಬಲದಿಂದ ಮುರಿಯುತ್ತದೆ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಸಂಸ್ಥೆ ಇನ್‌ಕಾಯಿಸ್ ಕೊಡುವ ಎಚ್ಚರಿಕೆಯನ್ನು ದೋಣಿ ಇಳಿಸುವ ಮೊದಲು ನೋಡಿ.

ಅಳಿಯಂದಿರ ಜತೆ ಹೋಗಿದ್ದೆ. ಮೂರು ಮೀನು ಕಚ್ಚಿತು, ಮೂರೂ ಹೋಯಿತು. ಒಂದು ಸಲ ನೂಲು ಹರಿಯಿತು, ಎರಡು ಸಲ ಗಾಳ ಕಳಚಿತು. ಬೋಟಿನವರ ಸಾಮಾನು ಸರಿ ಇರಲಿಲ್ಲವೇ, ನನ್ನ ತಪ್ಪೇ? (ಮೊಗ್ರಾಲ್)

ಎರಡೂ ಬೇರೆ ಬೇರೆ ರೋಗ. ಮೊದಲು ನೂಲಿನದ್ದು ನೋಡೋಣ.

ಹರಿದ ತುದಿಯನ್ನು ಎಸೆಯದೆ ಬೆರಳಲ್ಲಿ ಹಿಡಿದು ನೋಡಬೇಕು. ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ನುಣ್ಣಗಿದ್ದರೆ ಹಲ್ಲು. ವಾಹೂವೋ ಅಂಜಲಿನ ಜಾತಿಯದ್ದೋ ಬಂದಿತ್ತು, ತಂತಿ ಇರಲಿಲ್ಲ. ಹಂದಿಬಾಲದ ಹಾಗೆ ಸುರುಳಿ ಸುತ್ತಿದ್ದರೆ ಗಂಟು ಜಾರಿದ್ದು. ಒದ್ದೆ ಮಾಡದೆ ಬಿಗಿದ ಗಂಟು. ತುದಿಯ ಮೇಲಿನ ಒಂದು ಗೇಣು ಒರಟಾಗಿ ಮಂಕಾಗಿದ್ದರೆ ಎಲ್ಲೋ ಉಜ್ಜಿದೆ. ಈ ಮೂರಕ್ಕೂ ಬೋಟಿನವರನ್ನು ಕೇಳಬಹುದು. ಇದ್ಯಾವುದೂ ಅಲ್ಲ, ಹಿಗ್ಗಿ ತೆಳ್ಳಗಾಗಿ ತುಂಡಾಗಿದೆ ಎಂದರೆ ರೀಲಿನ ಡ್ರ್ಯಾಗ್ ಯಾರೋ ತಿರುಗಿಸಿದ್ದಾರೆ, ಹೆಚ್ಚಾಗಿ ರಾಡು ಹಿಡಿದವರೇ.

ಡ್ರ್ಯಾಗ್ ಎಂದರೆ ರೀಲಿನೊಳಗಿನ ಬ್ರೇಕು. ಮೀನು ಇಷ್ಟು ಬಲದಲ್ಲಿ ಎಳೆದರೆ ನೂಲು ಬಿಡು ಎಂದು ಮೊದಲೇ ಹೇಳಿಡುವುದು. ನೂಲಿನ ತಾಳಿಕೆಯ ಕಾಲು ಪಾಲಿನಿಂದ ಶೇಕಡಾ ಮೂವತ್ತರವರೆಗೆ ಇಡುವುದು ರೂಢಿ. 50 ಪೌಂಡಿನ ನೂಲು ಎಂದರೆ 22.7 ಕಿಲೋ, ಅದಕ್ಕೆ ಐದೂವರೆಯಿಂದ ಆರು ಮುಕ್ಕಾಲು ಕಿಲೋ. ಇದನ್ನು ಕೈಯಂದಾಜಿನಲ್ಲಿ ಇಡುವುದಲ್ಲ. ತೂಗುವ ಸ್ಪ್ರಿಂಗ್ ತಕ್ಕಡಿಗೆ ನೂಲಿನ ತುದಿ ಕಟ್ಟಿ, ರಾಡನ್ನು ನಲವತ್ತೈದು ಡಿಗ್ರಿಗೆ ಹಿಡಿದು ಎಳೆದು, ನೂಲು ಜಾರಲು ತೊಡಗಿದಾಗಿನ ಅಂಕಿ ನೋಡುವುದು.

ಎಡವಟ್ಟಾಗುವುದು ಆಮೇಲೆ. ಸುರುಳಿಯಲ್ಲಿ ನೂಲು ತುಂಬಿದ್ದಾಗ ವ್ಯಾಸ ಹತ್ತು ಸೆಂಟಿಮೀಟರ್ ಎಂದುಕೊಳ್ಳಿ. ಮೀನು ಓಡಿ ಓಡಿ ಅದು ಐದಕ್ಕೆ ಇಳಿದರೆ, ಬ್ರೇಕನ್ನು ಯಾರೂ ಮುಟ್ಟದಿದ್ದರೂ ನೂಲಿನ ಮೇಲಿನ ಎಳೆತ ಎರಡು ಪಟ್ಟಾಗಿರುತ್ತದೆ. ಬ್ರೇಕಿನ ತಿರುಚುಬಲ ಅಷ್ಟೇ, ಆದರೆ ಅದು ಕೆಲಸ ಮಾಡುವ ತ್ರಿಜ್ಯ ಅರ್ಧವಾಗಿದೆ. ಆರು ಕಿಲೋ ಹನ್ನೆರಡಾಯಿತು. ಅದರ ಮೇಲೆ ಮುನ್ನೂರು ಮೀಟರ್ ನೂಲು ನೀರಲ್ಲಿ ಬಿಲ್ಲಿನಂತೆ ಬಾಗಿ ಎಳೆಯುವ ಭಾರ ಬೇರೆ. ಆಗ ಡ್ರ್ಯಾಗನ್ನು ಸಡಿಲಿಸಬೇಕು. ಆದರೆ ನೂಲು ಮುಗಿಯುತ್ತಾ ಬರುವುದನ್ನು ಕಂಡವನ ಕೈ ತಾನಾಗಿ ಬಿಗಿ ಮಾಡುವ ಕಡೆಗೇ ಹೋಗುತ್ತದೆ. ಅಲ್ಲಿಗೆ ನೂಲು ಹರಿಯುತ್ತದೆ. ಮೇಟ್ ಹೇಳದೆ ಡ್ರ್ಯಾಗಿನ ಲಿವರಿಗೆ ಕೈ ಹಾಕಬೇಡಿ, ಹೆಬ್ಬೆರಳಿಂದ ಸುರುಳಿ ಒತ್ತಲೂಬೇಡಿ.

ಗಾಳ ಕಳಚಿದ್ದಕ್ಕೆ ಕಾರಣ ಬೇರೆ. ನಮ್ಮಲ್ಲಿ ಹೊಳೆಬದಿ ಗಾಳ ಹಾಕಿ ಕಲಿತವರಿಗೆ ಕಚ್ಚಿದೊಡನೆ ಜಗ್ಗುವುದು ಅಭ್ಯಾಸ. ಈಗ ಅಲ್ಲಿ ಎರೆಮೀನಿನ ಜತೆ ಹೆಚ್ಚಾಗಿ ಬಳಸುವುದು ಸರ್ಕಲ್ ಹುಕ್, ಮೊನೆ ಒಳಕ್ಕೆ, ದಂಡದ ಕಡೆಗೆ ತಿರುಗಿದ ಗಾಳ. ಮೀನು ಅದನ್ನು ನುಂಗಿ ತಿರುಗಿ ಹೊರಟಾಗ, ಗಾಳ ಗಂಟಲಿನಿಂದ ಜಾರುತ್ತಾ ಬಂದು ಬಾಯಿಯ ಮೂಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ಜಗ್ಗಿದರೆ ಬರಿಗೈ, ಎರೆ ಬಾಯಿಂದ ಹೊರಗೆ. ನೂಲು ಬಿಗಿಯಾಗುವವರೆಗೆ ನಿಧಾನ ಸುತ್ತಬೇಕು, ಅಷ್ಟೇ.

ಆ ಮೇಲೆ ರಾಡನ್ನು ನಿಧಾನ ಎತ್ತಿ, ಇಳಿಸುತ್ತಾ ಸುತ್ತುವುದು. ಇಳಿಸುವಾಗ ತಪ್ಪುತ್ತದೆ. ರಾಡಿನ ತುದಿ ಒಮ್ಮೆಲೇ ಕೆಳಗೆ ಬಿದ್ದರೆ ಅರ್ಧ ಸೆಕೆಂಡು ನೂಲು ಸಡಿಲ, ಮಾಹಿಮಾಹಿ ಹಾರಿ ತಲೆ ಕೊಡವಲು ಅಷ್ಟು ಸಾಕು. ನೂಲಿನ ಬಿಗಿ ಎಲ್ಲಿಯೂ ಬಿಡದೆ, ಎಷ್ಟು ಸುತ್ತಿದಿರೋ ಅಷ್ಟೇ ಇಳಿಸಿ. ಮೀನು ಓಡುತ್ತಿರುವಾಗ ಹಿಡಿ ತಿರುಗಿಸಬೇಡಿ. ಸ್ಪಿನ್ನಿಂಗ್ ರೀಲಾದರೆ ಗೇರು ಐದಕ್ಕೊಂದು ಇದ್ದಲ್ಲಿ ಹಿಡಿಯ ಒಂದೊಂದು ಸುತ್ತಿಗೂ ನೂಲಿಗೆ ಐದೈದು ತಿರುಚು ಬೀಳುತ್ತದೆ, ಮುಂದಿನ ಸಲ ಗಂಟು ಗಂಟಾಗಿ ಬರುತ್ತದೆ. ಮೀನು ಬೋಟಿನ ಪಕ್ಕಕ್ಕೆ ಬಂದಾಗ ರಾಡನ್ನು ತಲೆಯ ಮೇಲೆ ನೆಟ್ಟಗೆ ಎತ್ತಬೇಡಿ. ಬಾಗಬೇಕಾದ ಬುಡ ಬಾಗುವುದಿಲ್ಲ, ಭಾರವೆಲ್ಲ ತುದಿಗೆ ಹೋಗಿ ರಾಡೇ ಮುರಿಯುತ್ತದೆ. ಮೇಟ್, ಗಾಳದ ಬಳಿಯ ಲೀಡರ್ ನೂಲಿಗೆ ಕೈ ಹಾಕಿದ ಕೂಡಲೇ ಎರಡು ಹೆಜ್ಜೆ ಹಿಂದೆ ನಿಲ್ಲಿ, ಆದರೆ ರಾಡು ಕೆಳಗಿಡಬೇಡಿ. ಮೀನು ಮತ್ತೆ ಓಡಬಹುದು.

ರಾಡನ್ನು ಅಳಿಯಂದಿರಿಗೆ ದಾಟಿಸಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ. ದಾಖಲೆ ಬೇಕೆಂದಿದ್ದರೆ ಮಾತ್ರ ಕೂಡದು: 1939ರಲ್ಲಿ ಸ್ಥಾಪನೆಯಾದ, ಗಾಳದ ಮೀನಿನ ದಾಖಲೆ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್‌ಎ ನಿಯಮದಂತೆ ಕಚ್ಚಿದ ಮೇಲೆ ರಾಡನ್ನು ಇನ್ನೊಬ್ಬರು ಮುಟ್ಟಿದರೆ ಲೆಕ್ಕಕ್ಕಿಲ್ಲ. ಅಟ್ಲಾಂಟಿಕ್ ನೀಲಿ ಮಾರ್ಲಿನ್ ದಾಖಲೆ 1992ರಲ್ಲಿ ಬ್ರೆಜಿಲಿನ ವಿಟೋರಿಯಾದಲ್ಲಿ ಹಿಡಿದ 636 ಕಿಲೋದ್ದು. ಅವಸರವೇನಿಲ್ಲ.

ನಾವು ಸಸ್ಯಾಹಾರಿಗಳು. ಮೊಮ್ಮಕ್ಕಳಿಗೆ ಬೋಟಿನ ಆಸೆ. ಹಿಡಿದ ಮೀನನ್ನು ಬಿಟ್ಟುಬಿಡಬಹುದೇ? ಬಿಟ್ಟದ್ದು ಬದುಕುತ್ತದೆಯೇ? (ಬದಿಯಡ್ಕ)

ಬಿಡಬಹುದು. ದಡ ಬಿಡುವ ಮೊದಲೇ ತಂಡೇಲನಿಗೆ ಹೇಳಿ, ಅವನು ಅದಕ್ಕೆ ತಕ್ಕ ಮೀನು, ಗಾಳ ಆರಿಸುತ್ತಾನೆ. ಮಾರ್ಲಿನ್, ಸೈಲ್ ಫಿಶ್ (ನಮ್ಮ ಕಡೆಯ ಓಲಮೀನು) ಹಿಡಿಯುವವರು ಅಲ್ಲಿ ಬಹುಪಾಲು ಬಿಡುವವರೇ. ಇಟ್ಟುಕೊಳ್ಳಬೇಕೆಂದರೂ ನೀಲಿ ಮಾರ್ಲಿನ್ ಕೆಳದವಡೆಯಿಂದ ಬಾಲದ ಕವಲಿನವರೆಗೆ 99 ಇಂಚು ಇರಬೇಕು, ಸೈಲ್ ಫಿಶ್ 63 ಇಂಚು, ಮಾರುವುದಂತೂ ನಿಷೇಧ. ಬಿಡುವ ಮೀನನ್ನು ನೀರಿನಿಂದ ಎತ್ತಕೂಡದು. ಫೋಟೋಕ್ಕೆಂದು ಬೋಟಿನೊಳಗೆ ಎಳೆದು ಮಡಿಲಲ್ಲಿಟ್ಟುಕೊಳ್ಳುವ ಹಳೆಯ ಚಿತ್ರಗಳನ್ನು ನೋಡಿ ಆಸೆಪಡಬೇಡಿ.

ಮೇಟ್ ಮೀನಿನ ಕೊಕ್ಕು ಹಿಡಿದು, ಬೋಟು ಮೆಲ್ಲನೆ ಮುಂದೆ ಸಾಗುತ್ತಿರುವಂತೆ ಅದರ ಬಾಯಿಗೆ ನೀರು ಹರಿಸುತ್ತಾನೆ. ದಣಿದು ಕಂದುಬಣ್ಣಕ್ಕೆ ತಿರುಗಿದ ಮೈಗೆ ನೀಲಿ ಮರಳುತ್ತದೆ, ಬಾಲ ಬೀಸುತ್ತದೆ, ಆಗ ಕೈಬಿಡುವುದು. ಹೀಗೆ ಬಿಟ್ಟದ್ದರಲ್ಲಿ ಹೆಚ್ಚಿನವು ಬದುಕುತ್ತವೆ, ಎಲ್ಲವೂ ಅಲ್ಲ.

ತಳದ ಮೀನಿನ ಪ್ರಶ್ನೆ ಬೇರೆ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಅಲ್ಲಿಂದ ಸರ್ರನೆ ಎತ್ತಿದ ಕೆಂಪು ಸ್ನ್ಯಾಪರಿನ ಗಾಳಿಚೀಲ ನಾಲ್ಕು ಪಟ್ಟು ಉಬ್ಬುತ್ತದೆ. ಹೊಟ್ಟೆ ಬಾಯಿಂದ ಹೊರಬರುತ್ತದೆ, ಕಣ್ಣು ಹೊರಚಾಚುತ್ತದೆ. ಬಿಟ್ಟರೂ ಮುಳುಗಲಾರದೆ ತೇಲುತ್ತದೆ, ಹಕ್ಕಿಗೋ ಶಾರ್ಕಿಗೋ ತುತ್ತು. ಅದಕ್ಕೆಂದೇ 2020ರಿಂದ ಆ ಕರಾವಳಿಯ ತೆಂಕಣ ಭಾಗದ ಬೋಟುಗಳಲ್ಲಿ, ಮೀನಿನ ತುಟಿಗೆ ಸಿಕ್ಕಿಸಿ ಭಾರ ಕಟ್ಟಿ ಆಳಕ್ಕೆ ಇಳಿಸಿ ಅಲ್ಲಿ ಬಿಡಿಸುವ ಸಾಧನ ಕೈಗೆಟಕುವಲ್ಲಿ ಇರಲೇಬೇಕೆಂದು ಕಾಯಿದೆ. ಕೊಲ್ಲುವ ಮನಸ್ಸಿಲ್ಲದವರು ತಳದ ಮೀನಿಗೆ ಹೋಗದಿರುವುದು ಲೇಸು.

ಊರಲ್ಲಿ ಒಮ್ಮೆ ಕೇದರದ ಗಸಿ ಉಂಡು ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ತಲೆ ಸಿಡಿದು, ಮೈತುಂಬ ದದ್ದು ಎದ್ದಿತ್ತು. ಕೇದರ ಎಂದರೆ ಟ್ಯೂನಾವೇ ತಾನೆ? ಅಲ್ಲಿ ನಾವೇ ಹಿಡಿದದ್ದನ್ನು ತಿನ್ನಬಹುದೇ? (ನೆಲ್ಲಿಕುಂಜೆ)

ಕೇದರ ಟ್ಯೂನಾ ಜಾತಿಯದ್ದೇ. ನೀವು ಹೇಳುವ ಲಕ್ಷಣ ಹಿಸ್ಟಮೀನ್ ವಿಷಕ್ಕೆ ಸರಿಹೊಂದುತ್ತದೆ, ಆದರೆ ಮೀನಿನ ಅಲರ್ಜಿಯೂ ಹೀಗೇ ಕಾಣುವುದರಿಂದ ವೈದ್ಯರಿಗೆ ಒಮ್ಮೆ ತೋರಿಸಿಯೇ ಮುಂದುವರಿಯಿರಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆ.

ಕೇದರ, ಬಂಗುಡೆ, ಅಂಜಲ್, ಮಾಹಿಮಾಹಿ, ಇವುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಂಶ ಹೆಚ್ಚು. ಸತ್ತ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮೀನ್ ಮಾಡುತ್ತವೆ. ಒಮ್ಮೆ ಆದ ಮೇಲೆ ಕುದಿಸಿದರೂ ಹೋಗದು, ಕಾಯಿಸಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ವಾಸನೆಯೂ ಬಾರದಿರಬಹುದು. ನಾಲಿಗೆಗೆ ಕಾಳುಮೆಣಸಿನ ಹಾಗೆ ಚುರುಚುರು ಎಂದರೆ ಆ ತುತ್ತಿಗೇ ನಿಲ್ಲಿಸಿ. ನಮ್ಮ ಗಸಿಯ ಖಾರದಲ್ಲಿ ಅದು ತಿಳಿಯುವುದೇ ಕಷ್ಟ ಎನ್ನುವುದು ಬೇರೆ ಮಾತು.

ತಡೆಯುವುದು ಬೋಟಿನಲ್ಲೇ, ಮೊದಲ ಹತ್ತು ನಿಮಿಷದಲ್ಲಿ. ಟ್ಯೂನಾದ ಮೈ ಸುತ್ತಲಿನ ನೀರಿಗಿಂತ ಬೆಚ್ಚಗೆ; ಹೋರಾಡಿ ಬಂದದ್ದು ಇನ್ನೂ ಬಿಸಿ. ತಲೆಗೆ ಒಂದು ಪೆಟ್ಟು ಕೊಟ್ಟು, ಎದೆರೆಕ್ಕೆಯ ಹಿಂದೆ ಎರಡು ಮೂರು ಬೆರಳು ಬಿಟ್ಟು ಎರಡೂ ಬದಿಗೆ ಚೂರಿಯಿಂದ ಗೀರಬೇಕು, ರಕ್ತನಾಳ ಅಲ್ಲೇ ಚರ್ಮದ ಕೆಳಗಿದೆ. ಕಿವಿರಿನ ಬುಡವನ್ನೂ ಕೊಯ್ದು, ಮೇಲಿಂದ ಸಮುದ್ರದ ನೀರು ಹರಿಸಿದರೆ ಐದರಿಂದ ಹತ್ತು ನಿಮಿಷದಲ್ಲಿ ರಕ್ತ ಬಸಿಯುತ್ತದೆ. ಕಿವಿರು, ಕರುಳು ತೆಗೆದು ಹೊಟ್ಟೆಗೆ ಐಸು ತುಂಬಿ. ಪೆಟ್ಟಿಗೆಯಲ್ಲಿ ಬರೇ ಐಸುಗಡ್ಡೆಯ ಮೇಲೆ ಮಲಗಿಸಿದರೆ ಮುಟ್ಟಿದ ಕಡೆ ಮಾತ್ರ ತಣ್ಣಗಾಗುತ್ತದೆ. ಎರಡು ಪಾಲು ಐಸಿಗೆ ಒಂದು ಪಾಲು ಸಮುದ್ರದ ನೀರು ಸೇರಿಸಿ ಗಂಜಿಯ ಹದ ಮಾಡಿ ಮುಳುಗಿಸಿ, ಎಲ್ಲ ಕಡೆಯಿಂದಲೂ ತಂಪು ಹತ್ತುತ್ತದೆ. ನಡುಮಾಂಸ ನಾಲ್ಕು ಡಿಗ್ರಿಗೆ ಇಳಿಯಬೇಕು.

ಐಸು ಎಷ್ಟು? ಇಪ್ಪತ್ತು ಕಿಲೋ ಮೀನನ್ನು ಮೂವತ್ತು ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಲೆಕ್ಕದಲ್ಲಿ ಆರೂವರೆ ಕಿಲೋ ಐಸು ಕರಗುತ್ತದೆ. ಆದರೆ ಪೆಟ್ಟಿಗೆಯ ಗೋಡೆ, ಸೇರಿಸಿದ ನೀರು, ಪದೇ ಪದೇ ತೆರೆಯುವ ಮುಚ್ಚಳ ಅದಕ್ಕಿಂತ ಹೆಚ್ಚು ತಿನ್ನುತ್ತವೆ. ಮೀನಿನಷ್ಟೇ ತೂಕದ ಐಸು ಇಟ್ಟುಕೊಳ್ಳಿ. ಕುಂಬಳೆ ಬಿಸಿಲಿಗಾದರೆ ಎರಡರಷ್ಟು.

ಇನ್ನೊಂದು ಎಚ್ಚರಿಕೆ, ಇದಕ್ಕೆ ಐಸು ಉಪಯೋಗವಿಲ್ಲ. ಫ್ಲೋರಿಡಾ, ಬಹಾಮಾಸ್ ಕಡೆಯ ಹವಳದ ಬಂಡೆಗಳ ದೊಡ್ಡ ಬರಾಕುಡಾದಲ್ಲಿ ಸಿಗ್ವಟೆರಾ ಎಂಬ ವಿಷ ಸೇರಿರಬಹುದು. ಅದು ಪಾಚಿಯಿಂದ ಹುಟ್ಟಿ, ಚಿಕ್ಕ ಮೀನಿನಿಂದ ದೊಡ್ಡದಕ್ಕೆ ಏರುತ್ತಾ ಬರುವಂಥದ್ದು, ಬೇಯಿಸಿದರೂ ನಾಶವಾಗದು. ಹಿಡಿದು ಬಿಟ್ಟುಬಿಡಿ.

ಬಸ್ಸಿನಲ್ಲಿ ಮಡಿಕೇರಿಗೆ ಹೋದರೂ ವಾಂತಿ. ಬೋಟಿಗೆ ಏನು ಮಾಡಲಿ? (ಹೊಸದುರ್ಗ)

ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದು. ಹಿಂದಿನ ರಾತ್ರಿ ಒಂದು, ಹೊರಡುವ ಒಂದು ಗಂಟೆ ಮೊದಲು ಒಂದು. ಇಲ್ಲಿ ಸಾಮಾನ್ಯವಾಗಿ ಕೊಡುವ ಸಿನಾರಿಜಿನ್ ಅಮೆರಿಕದಲ್ಲಿ ಮಾರಾಟಕ್ಕಿಲ್ಲ, ವೈದ್ಯರ ಚೀಟಿಯೊಂದಿಗೆ ಇಲ್ಲಿಂದಲೇ ಒಯ್ಯಿರಿ. ಅಲ್ಲಿ ಸಿಗುವ ಮೆಕ್ಲಿಜಿನ್, ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೈನ್ ಪಟ್ಟಿ, ಇವು ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಆಗದಿರಬಹುದು, ಕೇಳಿಯೇ ಹಾಕಿ. ಖಾಲಿ ಹೊಟ್ಟೆಯೂ ಬೇಡ, ಪೂರಿಯೂ ಬೇಡ. ಎರಡು ಇಡ್ಲಿ ಸಾಕು. ಕ್ಯಾಬಿನ್ನಿನೊಳಗೆ ಮಲಗಬೇಡಿ, ಮೊಬೈಲ್ ನೋಡಬೇಡಿ. ಹಿಂಬದಿಯಲ್ಲಿ, ಹೊಗೆ ಬಾರದ ಕಡೆ ಕೂತು ದಿಗಂತ ನೋಡಿ.

ಬೋಟಿಗೆ ತಿಂಡಿ ನಾವೇ ಒಯ್ಯಬೇಕಂತೆ. ಏನು ಒಯ್ಯುವುದು? ಟಿಪ್ಸ್ ಕೊಡಬೇಕೇ? (ಕಾಞಂಗಾಡ್)

ಏನಾದರೂ ಒಯ್ಯಿರಿ, ನೇಂದ್ರ ಚಿಪ್ಸ್ ಮಾತ್ರ ಬೇಡ. ಬಾಳೆಹಣ್ಣು ಬೋಟು ಹತ್ತಿದರೆ ಮೀನು ಕಚ್ಚದು ಎಂಬುದು ಆ ಕರಾವಳಿಯ ತಂಡೇಲರ ಗಟ್ಟಿ ನಂಬಿಕೆ. ಚಿಪ್ಸ್ ಬಾಳೆಹಣ್ಣಲ್ಲ ಎಂದು ವಾದಿಸಿ ಗೆದ್ದರೂ, ಆ ದಿನ ಮೀನು ಸಿಗದಿದ್ದರೆ ಕಾರಣ ನೀವೇ. ಮೇಟ್‌ನ ದುಡಿಮೆ ಮುಖ್ಯವಾಗಿ ಟಿಪ್ಸಿನಿಂದ. ಬಾಡಿಗೆಯ ಶೇಕಡಾ ಹದಿನೈದರಿಂದ ಇಪ್ಪತ್ತು, ದಡಕ್ಕೆ ಬಂದ ಮೇಲೆ ನಗದಾಗಿ ಅವನ ಕೈಗೆ. ಮೀನು ಕೊಯ್ದು ಕೊಡುವುದಕ್ಕೆ ಹೆಚ್ಚಿನ ಕಡೆ ಪೌಂಡಿಗಿಷ್ಟು ಎಂದು ಬೇರೆ ದರ.

ನನ್ನಲ್ಲಿ ಔಟ್‌ಬೋರ್ಡ್ ಇಂಜಿನಿನ ಫೈಬರ್ ದೋಣಿ ಇದೆ. ಅಲ್ಲಿನ ಹಾಗೆ ಓಡುವ ದೋಣಿಯ ಹಿಂದೆ ಗಾಳ ಎಳೆದು ಅಂಜಲ್ ಹಿಡಿಯಬಹುದೇ? ಟ್ರೋಲಿಂಗ್ ನಿಷೇಧ ಅಡ್ಡಿಯೇ? ಮುಂದೆ ಪ್ರವಾಸಿಗರನ್ನು ಕರೆದೊಯ್ಯುವ ಯೋಚನೆಯೂ ಇದೆ. (ಮಂಜೇಶ್ವರ)

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ಮಲಯಾಳದ ಪ್ರಭಾವದಿಂದ ಎಲ್ಲರ ಬಾಯಲ್ಲೂ 'ಟ್ರೋಲಿಂಗ್ ನಿರೋಧನ'. ನಿಷೇಧ ಇರುವುದು ಟ್ರಾಲಿಂಗಿಗೆ, ತಳ ಗುಡಿಸುವ ಬಲೆ ಎಳೆಯುವುದಕ್ಕೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ನೀವು ಕೇಳುವುದು ಟ್ರೋಲಿಂಗ್, ಎರೆ ಕಟ್ಟಿದ ನೂಲು ಎಳೆಯುವುದು. ಆದರೆ ತಲಪಾಡಿಯಾಚೆ ಕರ್ನಾಟಕದಲ್ಲಿ ನಿಷೇಧ ಜೂನ್ 1ರಿಂದ 61 ದಿನ, ಅದರ ನಿಯಮಗಳೂ ಬೇರೆ. ಕಡಲ ಮೇಲೆ ಗಡಿಗೆರೆ ಕಾಣದು, ಜಿಪಿಎಸ್‌ನಲ್ಲಿ ಕಾಣುತ್ತದೆ. ಹೇಗಿದ್ದರೂ ಆ ತಿಂಗಳುಗಳಲ್ಲಿ ಕಡಲೇ ಬಿಡುವುದಿಲ್ಲ. ಪ್ರವಾಸಿಗರ ವಿಷಯ: ಮೀನುಗಾರಿಕೆಗೆಂದು ನೋಂದಾಯಿಸಿದ ದೋಣಿಯಲ್ಲಿ ಹಣ ಪಡೆದು ಜನ ಸಾಗಿಸಬೇಡಿ. ಫಿಶರೀಸ್ ಇಲಾಖೆ, ಕೇರಳ ಮ್ಯಾರಿಟೈಮ್ ಬೋರ್ಡ್ ಎರಡೂ ಕಡೆ ವಿಚಾರಿಸಿ, ಅನುಮತಿ, ವಿಮೆ, ತಲೆಗೊಂದು ಲೈಫ್ ಜಾಕೆಟ್ ಆದ ಮೇಲೆ ಮಾತು. ಕೋಸ್ಟ್ ಗಾರ್ಡಿನ 1554 ಫೋನಿನಲ್ಲಿರಲಿ, ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್.

ಈಗ ಗಾಳ. ಅಂಜಲಿನ ಹಲ್ಲು ನೈಲಾನನ್ನು ಕತ್ತರಿಯಂತೆ ಕತ್ತರಿಸುತ್ತದೆ. ಆದ್ದರಿಂದ ಕೊನೆಯ ಎರಡು ಮೂರು ಅಡಿ ಒಂಟಿ ಎಳೆಯ ಸ್ಟೀಲ್ ತಂತಿ, 7ನೇ ನಂಬರಿನದ್ದು, ದಪ್ಪ 0.46 ಮಿಲಿಮೀಟರ್. ತಂತಿಗೆ ಗಂಟು ನಿಲ್ಲದು, ಹೆಣೆಯಬೇಕು. ಗಾಳದ ಕಣ್ಣಿಗೆ ಪೋಣಿಸಿ ಎರಡೂ ಎಳೆಯನ್ನು ಎಕ್ಸ್ ಆಕಾರದಲ್ಲಿ ಹಿಡಿದು, ಎರಡೂ ಒಂದಕ್ಕೊಂದು ಸುತ್ತಿಕೊಳ್ಳುವಂತೆ ನಾಲ್ಕು ತಿರುಚು ಹಾಕಿ. ಒಂದು ನೆಟ್ಟಗಿದ್ದು ಇನ್ನೊಂದು ಮಾತ್ರ ಅದರ ಮೇಲೆ ಸುತ್ತಿದ್ದರೆ ಎಳೆತಕ್ಕೆ ಜಾರಿ ಬಿಚ್ಚಿಕೊಳ್ಳುತ್ತದೆ. ಆ ಮೇಲೆ ಚಿಕ್ಕ ತುದಿಯನ್ನು ಲಂಬವಾಗಿ ಬಾಗಿಸಿ, ಒಂದಕ್ಕೊಂದು ಒತ್ತಿ ಐದಾರು ಸುತ್ತು. ಉಳಿದ ತುದಿಯನ್ನು ಕಟ್ಟಿಂಗ್ ಪ್ಲಾಯರಿನಲ್ಲಿ ಕತ್ತರಿಸಬೇಡಿ, ಮುಳ್ಳು ಉಳಿದು ಮೀನೆಳೆಯುವವನ ಅಂಗೈ ಸೀಳುತ್ತದೆ. ತುದಿಯನ್ನು ಹಿಡಿಯ ಆಕಾರಕ್ಕೆ ಬಾಗಿಸಿ, ಹಿಂದೆ ಮುಂದೆ ತಿರುವಿ. ಬುಡದಲ್ಲೇ ನುಣ್ಣಗೆ ಮುರಿಯುತ್ತದೆ.

ಎರೆಗೆ ಒಂದು ಗೇಣಿನ ಬಂಗುಡೆ ಸಾಕು. ಅಲ್ಲಿನವರು ಬಳಸುವ ಬ್ಯಾಲಿಹೂ ನಮ್ಮ ಕೋಲಾನಿನ ಬಂಧು, ಅದೂ ಆದೀತು. ಅಂಜಲ್ ಮೊದಲು ಬಾಲ ಕತ್ತರಿಸಿ ಎರೆಯನ್ನು ಕುಂಟು ಮಾಡುತ್ತದೆ, ಆಮೇಲೆ ತಿನ್ನುತ್ತದೆ. ಮುಂದಿನ ಗಾಳ ಒಂದೇ ಇದ್ದರೆ ನಿಮಗೆ ಸಿಗುವುದು ಅರ್ಧ ಬಂಗುಡೆ. ಆದ್ದರಿಂದ ಬಾಯಿ ಹೊಲಿದಂತೆ ಒಂದು ಗಾಳ, ಅದಕ್ಕೆ ತುಂಡು ತಂತಿಯಲ್ಲಿ ಕಟ್ಟಿದ ಇನ್ನೊಂದು ಬೆನ್ನಿನ ಹಿಂಭಾಗದಲ್ಲಿ. ನಡುವಿನ ತಂತಿ ಸ್ವಲ್ಪ ಸಡಿಲ ಇರಲಿ. ಬಿಗಿಯಾದರೆ ಎರೆ ಬಿಲ್ಲಿನಂತೆ ಬಾಗಿ ನೀರಲ್ಲಿ ಗಿರಗಿರ ತಿರುಗುತ್ತದೆ.

ವೇಗ ನಾಲ್ಕರಿಂದ ಆರು ನಾಟ್, ಅಂದರೆ ಗಂಟೆಗೆ ಏಳೂವರೆಯಿಂದ ಹನ್ನೊಂದು ಕಿಲೋಮೀಟರ್, ಫೋನಿನ ಜಿಪಿಎಸ್ ತೋರಿಸುತ್ತದೆ. ಮೊದಮೊದಲು ಎರಡೇ ನೂಲು ಬಿಡಿ, ಒಂದು ಹದಿನೈದು ಮೀಟರ್, ಒಂದು ಮೂವತ್ತು. ತಿರುವು ಅಗಲವಾಗಿರಲಿ, ಗಕ್ಕನೆ ತಿರುಗಿದರೆ ಒಳಬದಿಯ ನೂಲು ಸಡಿಲಾಗಿ ಮುಳುಗಿ ಇನ್ನೊಂದರ ಅಡಿಗೆ ಹೋಗುತ್ತದೆ. ನೂಲು ಬಿಡುವ ಮೊದಲು ಎರೆಯನ್ನು ದೋಣಿಯ ಪಕ್ಕದಲ್ಲೇ ಎರಡು ಮಾರು ಬಿಟ್ಟು ಅರ್ಧ ನಿಮಿಷ ನೋಡಿ. ನೆಟ್ಟಗೆ ಈಜಿದರೆ ಬಿಡಿ. ತಿರುಗಿದರೆ ಎತ್ತಿ, ಹಿಂದಿನ ಗಾಳ ಹೊಕ್ಕ ತೂತನ್ನು ಚೂರಿಯ ತುದಿಯಿಂದ ಎರಡು ಅಕ್ಕಿಕಾಳಿನಷ್ಟು ತಲೆಯ ಕಡೆಗೆ ಸೀಳಿ ಮತ್ತೆ ಇಳಿಸಿ.